ಮೈಕ್ ಭಾವ ಮತ್ತು ಮೂರು ಬಾಯಿಯ ಪೆಟ್ಟಿಗೆ

ಮೈಕ್ ಭಾವ ನಮ್ಮ ಬೀದಿಯಲ್ಲಿ ಯಾರಿಗೂ ನಿಜವಾದ ಭಾವ ಅಲ್ಲ. ಅವರ ಹೆಂಡತಿಯ ತಮ್ಮ ಒಮ್ಮೆ ರಜೆಗೆ ಬಂದವನು ಕೆಳಗೆ ನಿಂತು "ಭಾವಾ, ಭಾವಾ" ಎಂದು ಬಾಯಿ ಬಡಿದುಕೊಂಡ. ಮಹಡಿಯ ಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಭಾವನಿಗೆ ಅದು ಕೇಳಿಸಲಿಲ್ಲ. ಪಾಪ ಹುಡುಗ ಚೀಲ ಹೊತ್ತು ನಿಂತಿದ್ದಾನೆಂದು ಅಕ್ಕಪಕ್ಕದವರು ಕೈಜೋಡಿಸಿ, ಕೊನೆಗೆ ಇಡೀ ಬೀದಿ ಒಕ್ಕೊರಲಿನಿಂದ "ಭಾವಾ" ಎಂದು ಕೂಗಬೇಕಾಯಿತು. ಅಂದಿನಿಂದ ಅವರು ಎಲ್ಲರಿಗೂ ಭಾವ. ಮನೆಯಲ್ಲಿ ಮೈಕು ಇದ್ದುದರಿಂದ ಮೈಕ್ ಭಾವ.

ಅವರ ಕಸುಬು ಹಾಡು ಮಿಕ್ಸಿಂಗ್. ಹಾಡುವವರು ಹಾಡಿ ಹೋಗುತ್ತಾರೆ, ಬಾರಿಸುವವರು ಬಾರಿಸಿ ಹೋಗುತ್ತಾರೆ. ಯಾರ ಸದ್ದು ಎಷ್ಟಿರಬೇಕು, ಯಾರು ಮುಂದೆ, ಯಾರು ಹಿಂದೆ ಎಂದು ಕೂತು ಹದ ಮಾಡುವವರು ಭಾವ. ಇದನ್ನು ಅವರು ಎಷ್ಟು ಬಾರಿ ವಿವರಿಸಿದರೂ ಬೀದಿಯ ಹೆಂಗಸರು ಅವರ ಹೆಂಡತಿಯ ಹತ್ತಿರ, "ನಿಮ್ಮ ಯಜಮಾನರು ಮಿಕ್ಸಿ ರಿಪೇರಿ ಮಾಡ್ತಾರಂತಲ್ಲ, ನಮ್ಮದೂ ಒಂಚೂರು ನೋಡಬೇಕಿತ್ತು" ಎನ್ನುವುದು ತಪ್ಪಿರಲಿಲ್ಲ. ಆಕೆಯೂ ಬೇಸತ್ತು ಎರಡು ಮಿಕ್ಸಿಗಳನ್ನು ಇಸಿದುಕೊಂಡಿದ್ದರು. ಅವು ಇನ್ನೂ ಅಟ್ಟದ ಮೇಲಿವೆ.

ಭಾವನ ಕೋಣೆ ಮಹಡಿಯ ಮುಂಭಾಗದಲ್ಲಿ, ಬೀದಿಗೆ ಮುಖ ಮಾಡಿಕೊಂಡಿತ್ತು. ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ಸದ್ದು ಅಡಗಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಬಾಗಿಲಿಗೊಂದು ಹಳೆಯ ಹಾಸಿಗೆ ತೂಗುಹಾಕಿದ್ದರು. ಒಳಗೆ ಫೋನಿನ ಸಿಗ್ನಲ್ ಕೂಡ ನುಗ್ಗುತ್ತಿರಲಿಲ್ಲ. ಹಾಗಾಗಿ ಫೋನ್ ಬಂದರೆ ಬಾಲ್ಕನಿಗೆ ಬಂದು ಮಾತಾಡುತ್ತಿದ್ದರು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡ ಕಿವಿಯಾದ್ದರಿಂದ ಅವರ ಪಿಸುಮಾತು ಬೇರೆಯವರ ಕೂಗಿಗೆ ಸಮ. ಮುಂದೆ ಆದ ಅನಾಹುತಕ್ಕೆಲ್ಲ ಈ ಬಾಲ್ಕನಿಯೇ ಮೂಲ ಎಂದು ಬೀದಿಯ ಒಂದು ಪಂಗಡ ಇಂದಿಗೂ ವಾದಿಸುತ್ತದೆ. ಇನ್ನೊಂದು ಪಂಗಡ ಭಾವನೇ ಮೂಲ ಎನ್ನುತ್ತದೆ.

ಶುರುವಾದದ್ದು ಹಾಡಿನ ಟೀಚರಿಂದ. ನಮ್ಮ ಬೀದಿಯ ಎರಡು ತಲೆಮಾರಿಗೆ ಹಾಡು ಕಲಿಸಿದ ಹೆಂಗಸು. ವಯಸ್ಸಾಗಿ ಪಾಠ ನಿಲ್ಲಿಸಿದ ಮೇಲೆ ಭಾವನ ಹತ್ತಿರ ಬಂದು, "ಗಂಟಲು ಇನ್ನೂ ಹೇಳಿದ ಮಾತು ಕೇಳ್ತಿದೆ ಕಣಪ್ಪ. ಅದು ಹೋಗೋ ಮೊದಲು ಒಂದು ಹಾಡು ಹಿಡಿದಿಟ್ಟುಕೊಡು. ಇಷ್ಟು ವರ್ಷ ಮಕ್ಕಳ ದನಿ ಕೇಳಿದೀನಿ, ನನ್ನ ದನಿ ನಾನು ಕೇಳೇ ಇಲ್ಲ" ಅಂದರು. ಭಾವ ಡೋಲಿನವನೊಬ್ಬನನ್ನು ಕರೆಸಿ ಹಾಡು ಹಿಡಿದಿಟ್ಟರು. ಹಳೆಯ ಪುಟ್ಟ ಸ್ಪೀಕರುಗಳಲ್ಲಿ ಕೇಳಿ ಕೇಳಿ ಹದ ಮಾಡಿದರು. ಅವರ ಕೋಣೆಯಲ್ಲಿ ಅದು ಅಮೃತದಂತೆ ಕೇಳಿಸಿತು.

ಖುಷಿ ತಡೆಯಲಾರದೆ ಅದನ್ನು ಬೀದಿಯ ಕೆಳತುದಿಯ ಟೈಲರ್ ಅಂಗಡಿಗೆ ಒಯ್ದರು. ಅಲ್ಲಿ ಆಳೆತ್ತರದ ಸ್ಪೀಕರ್ ಇತ್ತು. ಟೀಚರೂ ಬಟ್ಟೆ ಕೊಡಲು ಬಂದವರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಟೈಲರ್ ಹಾಡು ಹಾಕಿದ. ದಬ್, ದಬ್, ದಬ್. ಯಾರೋ ಹಾಸಿಗೆ ಒದರುತ್ತಿರುವಂತೆ ಡೋಲು ಬಂತು. ಟೀಚರು ಬರಲಿಲ್ಲ.

"ಟೀಚರು ಯಾವಾಗ ಶುರು ಮಾಡ್ತಾರೆ ಭಾವ?" ಎಂದ ಟೈಲರ್.

"ಶುರು ಮಾಡಿ ಆಗಲೇ ಎರಡನೇ ಚರಣ" ಎಂದರು ಭಾವ, ಬೆವರೊರೆಸಿಕೊಳ್ಳುತ್ತ.

ಟೀಚರು ಮಾತ್ರ ತಲೆಯಾಡಿಸಿ, "ಪರವಾಗಿಲ್ಲಪ್ಪ, ಡೋಲು ಚೆನ್ನಾಗಿ ಬಂದಿದೆ" ಅಂದರು. ಆ ಮಾತು ಭಾವನ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ.

"ತಪ್ಪು ನನ್ನದಲ್ಲ ಟೀಚರ್, ನನ್ನ ಸ್ಪೀಕರುಗಳು ಸುಳ್ಳು ಹೇಳಿವೆ, ಡೋಲು ಎಷ್ಟಿದೆ ಅಂತ ನನಗೆ ಕೇಳಿಸಲೇ ಇಲ್ಲ. ನಿಜ ಹೇಳೋ ಸ್ಪೀಕರ್ ತರ್ತೀನಿ. ಸ್ಟುಡಿಯೋ ಮಾನಿಟರ್ ಅಂತ ಬರುತ್ತೆ. ನಿಮ್ಮ ದನಿ ನಿಮಗೆ ಕೇಳಿಸದಿದ್ರೆ ಕೇಳಿ" ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟರು.

ಮಾತು ಕೊಡುವುದು ಸುಲಭ. ಸ್ಪೀಕರ್ ಅಂಗಡಿಗೆ ಹೋದಾಗ ಗೊತ್ತಾಯಿತು, ನಿಜ ಹೇಳುವ ಸ್ಪೀಕರುಗಳಲ್ಲಿ ಎರಡು ಜಾತಿ. ಟೂ ವೇ ಎಂದರೆ ಒಂದೊಂದು ಪೆಟ್ಟಿಗೆಗೆ ಎರಡು ಬಾಯಿ. ದೊಡ್ಡ ಬಾಯಿ ಡೋಲಿನಂಥ ಕೆಳಗಿನ ದಪ್ಪ ಸದ್ದು, ಮಧ್ಯದ ಸದ್ದು ಎರಡನ್ನೂ ಹೇಳಬೇಕು. ಚಿಕ್ಕ ಬಾಯಿ ಸಣ್ಣ ಸದ್ದನ್ನು ಹೇಳುತ್ತದೆ. ತ್ರೀ ವೇ ಎಂದರೆ ಮೂರು ಬಾಯಿ, ಮಧ್ಯದ ಸದ್ದಿಗೆ ತನ್ನದೇ ಬಾಯಿ. ಒಂದು ಬಾಯಿಯ ಕೆಲಸ ಮುಗಿದು ಇನ್ನೊಂದಕ್ಕೆ ದಾಟುವ ಜಾಗಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಮನುಷ್ಯರ ದನಿ ಇರುವುದು ಮಧ್ಯದಲ್ಲಿ. ಆದ್ದರಿಂದ ಟೀಚರಿಗೆ ತ್ರೀ ವೇ ಒಳ್ಳೆಯದು. ಆದರೆ ಅದರ ಗಾತ್ರ ದೊಡ್ಡದು, ಗೋಡೆಗೆ ಒತ್ತಿಸಿ ಇಡುವಂತಿಲ್ಲ. ಆದ್ದರಿಂದ ಕೋಣೆಗೆ ಟೂ ವೇ ಒಳ್ಳೆಯದು. ಟೀಚರೋ ಕೋಣೆಯೋ? ಎರಡು ಬಗೆಯ ಸಾಬೂನಿನ ಮುಂದೆ ನಿಂತರೂ ಒಂದು ತಾಸು ಯೋಚಿಸುವ ಮನುಷ್ಯನ ತಲೆಯ ಮೇಲೆ ಇಂಥ ಪ್ರಶ್ನೆ ಬೀಳಬಾರದಿತ್ತು.

ಒಂದು ಬೆಳಿಗ್ಗೆ ಅಂಗಡಿಯವನ ಫೋನ್ ಬಂತು. ಭಾವ ಬಾಲ್ಕನಿಗೆ ಬಂದರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ಆಗಷ್ಟೇ ಕುಂಡಗಳಿಗೆ ನೀರು ಹಾಕುತ್ತಿದ್ದರು. ಅವರಿಗೆ ಕೇಳಿಸಿದ್ದು ಇಷ್ಟು:

"ಹಲೋ! ಹೂಂ, ನಾನೇ. ತ್ರೀ ವೇ ವಿಷಯಾನೇ ಯೋಚನೆ ಮಾಡ್ತಿದೀನಿ... ನಮ್ಮದು ಇಕ್ಕಟ್ಟಾದ ಜಾಗ, ಗೊತ್ತಲ್ಲ... ಏನು? ಗೋಡೆಯಿಂದ ಮೂರಡಿ ಮುಂದೆ ಬರಬೇಕಾ? ಎರಡೂ ಕಡೆ?... ಎದುರುಗಡೆ ಏನೂ ಅಡ್ಡ ಇರಬಾರದಾ? ಇರೋದನ್ನೆಲ್ಲ ಕಿತ್ತು ಹಾಕಿಸ್ತೀನಿ ಬಿಡಿ!... ಕ್ರಾಸ್‌ಓವರ್ ಎರಡು ಬರುತ್ತಾ?... ಆಯ್ತು, ನಮ್ಮ ಷಡ್ಡಕನ್ನ ಕರ್ಕೊಂಡು ಬರ್ತೀನಿ. ಗಾಡಿಗೀಡಿ ಎಲ್ಲ ಅವನೇ ನೋಡ್ಕೋತಾನೆ."

ಹೆಡ್‌ಮಾಸ್ಟರ ಕೈಯಲ್ಲಿದ್ದ ನೀರು ಕುಂಡ ಬಿಟ್ಟು ಅವರ ಕಾಲ ಮೇಲೆ ಬೀಳತೊಡಗಿತು. ಏಕೆಂದರೆ ಭಾವನ ಷಡ್ಡಕ, ಅಂದರೆ ಅವರ ಹೆಂಡತಿಯ ತಂಗಿಯ ಗಂಡ, ರಸ್ತೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಭಾವನಿಗೆ ಬೇಕಾಗಿದ್ದದ್ದು ಪೆಟ್ಟಿಗೆ ತರಲು ಅವನ ಕಾರು. ಆದರೆ ಅದು ಹೆಡ್‌ಮಾಸ್ಟರಿಗೆ ಹೇಗೆ ಗೊತ್ತಾಗಬೇಕು? ಅವರು ಕಂಡದ್ದು ಬೇರೆ: ಬೀದಿಯನ್ನು ತ್ರೀ ವೇ ರಸ್ತೆ ಮಾಡುತ್ತಾರೆ, ಎರಡೂ ಕಡೆ ಮೂರು ಮೂರಡಿ ಒಡೆಯುತ್ತಾರೆ, ಎದುರಿಗಿರುವುದನ್ನೆಲ್ಲ ಕೀಳುತ್ತಾರೆ. ಎದುರಿಗಿರುವುದು ಅವರ ಮನೆ.

ಕಾಲು ಒರೆಸಿಕೊಳ್ಳದೆ ಅವರು ಭಾವನ ಮೆಟ್ಟಿಲು ಹತ್ತಿದರು.

"ಭಾವ, ತ್ರೀ ವೇ ಬರ್ತಿರೋದು ನಿಜಾನಾ?"

ತಮ್ಮ ಸ್ಪೀಕರಿನ ಬಗ್ಗೆ ಒಬ್ಬ ವಿದ್ಯಾವಂತ ಬಂದು ಕೇಳಿದ್ದು ಭಾವನ ಜೀವನದಲ್ಲಿ ಅದೇ ಮೊದಲು. ಅವರ ಮುಖ ಅರಳಿತು. "ಬನ್ನಿ ಸಾರ್, ಕೂತ್ಕೊಳ್ಳಿ. ಇನ್ನೂ ತೀರ್ಮಾನ ಆಗಿಲ್ಲ. ಟೂ ವೇನೋ ತ್ರೀ ವೇನೋ ಅಂತ ತಲೆ ಕೆಟ್ಟುಹೋಗಿದೆ."

"ನೀವೊಬ್ಬರೇ ತೀರ್ಮಾನ ಮಾಡೋ ವಿಷಯಾನಾ ಇದು? ಇಡೀ ಬೀದಿಗೆ ಸಂಬಂಧಪಟ್ಟಿದ್ದಲ್ವಾ?"

ಭಾವ ನಾಚಿಕೊಂಡರು. "ಅಯ್ಯೋ, ನಿಮಗೆ ತೊಂದರೆ ಕೊಡ್ತೀನಾ ಸಾರ್? ಏನಿದ್ರೂ ಬಾಗಿಲು ಮುಚ್ಚಿಕೊಂಡೇ ಮಾಡೋದು. ಹೊರಗೆ ಯಾರಿಗೂ ಗೊತ್ತಾಗಲ್ಲ."

"ಬಾಗಿಲು ಮುಚ್ಚಿಕೊಂಡು!" ಹೆಡ್‌ಮಾಸ್ಟರು ಕುರ್ಚಿಯ ಕೈ ಹಿಡಿದರು. "ಬಾಯಿ ಬಿಟ್ಟು ಹೇಳ್ತೀರಲ್ರೀ! ಸರಿ, ಟೂ ವೇ ಆದ್ರೆ ನಮಗೇನೂ ಆಗಲ್ಲ ತಾನೇ?"

"ಟೂ ವೇನಲ್ಲಿ ಮಧ್ಯದವರು ಒದ್ದಾಡಿಹೋಗ್ತಾರೆ ಸಾರ್. ಕೆಳಗಿನವರ ಜೊತೆ ಒಂದೇ ಬಾಯಿ ಹಂಚ್ಕೋಬೇಕು. ಕೆಳಗಿನವರು ಜೋರು ಮಾಡಿದ್ರೆ ಮಧ್ಯದವರ ದನಿಯೇ ಕೇಳಿಸಲ್ಲ."

ಹೆಡ್‌ಮಾಸ್ಟರ ಮನೆ ಬೀದಿಯ ಮೇಲ್ತುದಿಗೂ ಕೆಳತುದಿಗೂ ನಡುವಿತ್ತು. "ಕೆಳಗಿನವರು ಅಂದ್ರೆ... ಟೈಲರ್ ಕಡೆಯವರಾ?"

"ಅಲ್ಲೇ ಸಾರ್ ಗುಟ್ಟು ರಟ್ಟಾಗಿದ್ದು!" ಎಂದರು ಭಾವ ಉತ್ಸಾಹದಿಂದ. "ಟೈಲರ್ ಅಂಗಡಿಗೆ ಹೋಗೋವರೆಗೂ ನನಗೂ ಗೊತ್ತಿರಲಿಲ್ಲ, ಕೆಳಗಿನವರು ಇಷ್ಟೊಂದು ಮೆರೀತಿದಾರೆ ಅಂತ. ಅದಕ್ಕೇ ತ್ರೀ ವೇ ಅಂತಿರೋದು. ಮಧ್ಯದವರಿಗೆ ಪ್ರತ್ಯೇಕ ದಾರಿ ಆಗುತ್ತೆ."

"ಗೋಡೆ ಹೋದ ಮೇಲೆ ದಾರಿ ಕಟ್ಟಿಕೊಂಡು ಏನ್ರೀ ಮಾಡ್ಲಿ!" ಎಂದು ಗುಡುಗಿ ಹೆಡ್‌ಮಾಸ್ಟರು ಇಳಿದುಹೋದರು. ಗೋಡೆಯ ಮೊಟ್ಟೆ ಟ್ರೇಗಳ ಬಗ್ಗೆ ಅವರಿಗೇಕಿಷ್ಟು ಕಳಕಳಿ ಎಂದು ಭಾವನಿಗೆ ಅರ್ಥವಾಗಲಿಲ್ಲ. ಆದರೂ ಹೆಂಡತಿಗೆ, "ನೋಡು, ದೊಡ್ಡವರು ಅಂದ್ರೆ ಹೀಗಿರಬೇಕು. ಕಲೆ ಬಗ್ಗೆ ಎಷ್ಟು ಕಾಳಜಿ!" ಎಂದರು.

ಮಧ್ಯಾಹ್ನದೊಳಗೆ ಬೀದಿ ಎರಡು ಹೋಳಾಯಿತು. ನಡುವಿನ ಮನೆಗಳವರು ಹೆಡ್‌ಮಾಸ್ಟರ ಹಿಂದೆ ಟೂ ವೇ ಪಕ್ಷ ಕಟ್ಟಿದರು. ಕೆಳಗಿನ ಅಂಗಡಿಯವರು ಟೈಲರನ ಹಿಂದೆ ತ್ರೀ ವೇ ಪಕ್ಷ. "ಹೋಗೋಕೊಂದು ದಾರಿ, ಬರೋಕೊಂದು ದಾರಿ. ಮೂರನೇದು ಯಾತಕ್ಕಯ್ಯ?" ಎಂದು ಹೆಡ್‌ಮಾಸ್ಟರು ಸವಾಲು ಹಾಕಿದರೆ, "ಗಿರಾಕಿಗಳು ನಿಲ್ಲೋಕೆ!" ಎಂದು ಟೈಲರ್ ಕೂಗಿದ. ಅವನು ಸಂಜೆ ಭಾವನ ಮನೆಗೆ ಟೇಪು ಹಿಡಿದುಕೊಂಡು ಬಂದು, ಕೇಳದೆಯೇ ಅಂಗಿಯ ಅಳತೆ ತೆಗೆದ.

"ತ್ರೀ ವೇಗೆ ಗಟ್ಟಿಯಾಗಿ ನಿಂತ್ಕೊಳ್ಳಿ ಭಾವ, ಕೈ ಮೇಲೆತ್ತಿ" ಎಂದ. ಭಾವ ಗಟ್ಟಿಯಾಗಿ ನಿಂತು ಕೈ ಮೇಲೆತ್ತಿದರು. ಟೂ ವೇ ಪಕ್ಷದವರು ಕಿಟಕಿಯಿಂದ ನೋಡಿ, ಇವನು ಆ ಕಡೆಗೆ ಶರಣಾದ ಎಂದು ಹಲ್ಲು ಕಡಿದರು.

ಭಾವನ ಹೆಂಡತಿಗೆ ಮಾತ್ರ ಅದು ಸುಖದ ಕಾಲ. ಯಾರೂ ಮಿಕ್ಸಿಯ ಮಾತೆತ್ತಲಿಲ್ಲ. ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುವಾಗ ಒಬ್ಬರು ಜಾಗ ಬಿಟ್ಟರೆ ಇನ್ನೊಬ್ಬರು ಕೊಡ ಎತ್ತಿಕೊಟ್ಟರು. "ನಿಮ್ಮ ಯಜಮಾನರ ಒಂದು ಮಾತಲ್ಲಿ ನಮ್ಮ ಬದುಕಿದೆ" ಅಂದರು. ಆಕೆ ಮನೆಗೆ ಬಂದು ಗಂಡನನ್ನು ಹೊಸದಾಗಿ ನೋಡುವಂತೆ ನೋಡಿ, "ನಿಮ್ಮನ್ನ ನಾನೇ ಅರ್ಥ ಮಾಡ್ಕೊಳ್ಳಲಿಲ್ಲ ಕಣ್ರೀ" ಎಂದು ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿರದ ಭಾವ ತಾವೇ ಎದ್ದು ಹೋಗಿ ಆಕೆಗೆ ಕಾಫಿ ಮಾಡಿಕೊಟ್ಟರು.

ಮರುದಿನ ಟೈಲರ್ ಅಂಗಡಿಯಲ್ಲಿ ಸಭೆ ಸೇರಿತು. ವಿಷಯ ತಿಳಿದವರು ನೀವೊಬ್ಬರೇ, ಎರಡೂ ಪಕ್ಷಕ್ಕೆ ಬಿಡಿಸಿ ಹೇಳಿ ಎಂದು ಭಾವನನ್ನು ಕರೆದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಸಂಗೀತದ ಬಗ್ಗೆ ಮಾತಾಡಲು ಕರೆ ಬಂದಿದೆ ಎಂದೇ ಅವರ ನಂಬಿಕೆ. ಆದ್ದರಿಂದ ಬಿಡಿಸಿಯೇ ಹೇಳಿದರು.

"ಎಲ್ಲಕ್ಕಿಂತ ಮುಖ್ಯ, ದಪ್ಪಗಿರೋದು ಕೆಳಗಿರಬೇಕು, ಸಣ್ಣಗಿರೋದು ಮೇಲಿರಬೇಕು."

ಔಷಧಿ ಅಂಗಡಿಯವರು ಎದ್ದು ನಿಂತರು. ಅವರು ಮಹಡಿಯಲ್ಲಿ ವಾಸವಾಗಿದ್ದರು, ಮೈಯೂ ಧಾರಾಳವಾಗಿತ್ತು. "ಏನ್ರೀ ನೀವು ಹೇಳ್ತಿರೋದು? ನನ್ನನ್ನ ಕೆಳಗಿಳಿಸ್ತೀರಾ?"

"ಇಳಿಸಲೇಬೇಕು ಸಾರ್. ಇಲ್ಲದಿದ್ರೆ ಅದುರುತ್ತೆ."

ನಾಲ್ಕು ಜನ ಸೇರಿ ಔಷಧಿ ಅಂಗಡಿಯವರನ್ನು ಕೂರಿಸಿದರು. ಹೆಡ್‌ಮಾಸ್ಟರು ಕ್ಷೀಣ ದನಿಯಲ್ಲಿ, "ಎತ್ತರ ಎಷ್ಟಿರುತ್ತೆ?" ಎಂದು ಕೇಳಿದರು.

"ಸರಿಯಾಗಿ ಕಿವಿ ಮಟ್ಟಕ್ಕೆ ಬರಬೇಕು ಸಾರ್. ನೀವು ನಿಮ್ಮ ಕುರ್ಚೀಲಿ ಕೂತಿದ್ದೀರಾ ಅಂದ್ಕೊಳ್ಳಿ, ನೇರವಾಗಿ ನಿಮ್ಮ ಕಿವಿಗೇ ಬರಬೇಕು. ಎರಡೂ ಕಡೆಯಿಂದ."

ತಮ್ಮ ಮಹಡಿಯ ಕುರ್ಚಿ, ಅದರ ಎರಡೂ ಪಕ್ಕದಲ್ಲಿ ಕಿವಿ ಸವರಿಕೊಂಡು ಹೋಗುವ ಲಾರಿಗಳು ಹೆಡ್‌ಮಾಸ್ಟರ ಕಣ್ಣ ಮುಂದೆ ಬಂದವು. "ಮೇಲ್ಸೇತುವೆ!" ಎಂದು ಉಸುರಿ ಅವರು ಬಟ್ಟೆಯ ಗಂಟಿನ ಮೇಲೆ ಒರಗಿದರು. ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ತಮ್ಮ ಮಾತಿಗೆ ಜನ ಇಷ್ಟು ಭಾವುಕರಾದದ್ದನ್ನು ಕಂಡು ಭಾವ ಮನೆಗೆ ಬಂದು ಊಟವನ್ನೇ ಮಾಡಲಿಲ್ಲ. ಹೊಟ್ಟೆ ತುಂಬಿಹೋಗಿತ್ತು.

ಎರಡೂ ಪಕ್ಷದವರು ರಸ್ತೆ ಕಚೇರಿಗೆ ಬೇರೆ ಬೇರೆ ಮನವಿ ಕೊಟ್ಟರು. ಒಂದು ಟೂ ವೇ ಬೇಕೆಂದು, ಒಂದು ತ್ರೀ ವೇ ಬೇಕೆಂದು. ಎರಡರಲ್ಲೂ ಷಡ್ಡಕನ ಹೆಸರಿತ್ತು. ಕಚೇರಿಯ ಸಾಹೇಬರು ಷಡ್ಡಕನನ್ನು ಕರೆದು, ನನಗೇ ತಿಳಿಯದ ರಸ್ತೆಯನ್ನು ನೀನು ಯಾರ ಅಪ್ಪಣೆಯಿಂದ ಹಂಚುತ್ತಿದ್ದೀಯೆಂದು ಕೇಳಿದರು. ಅವನು ಕಾರು ಹತ್ತಿ ನೇರವಾಗಿ ಭಾವನ ಮನೆಗೆ ಬಂದ. ಬೀದಿಯ ಜನ ಹಿಂದೆಯೇ ಮೆಟ್ಟಿಲು ಹತ್ತಿದರು.

"ಅಲ್ರೀ, ನಿಮಗೆ ನಾನೇನು ದ್ರೋಹ ಮಾಡಿದ್ದೆ? ಯಾವ ರಸ್ತೇರೀ ಅದು? ಯಾವ ತ್ರೀ ವೇ?"

"ರಸ್ತೆನಾ?" ಭಾವ ಕಣ್ಣು ಬಾಯಿ ಬಿಟ್ಟರು. "ಸ್ಪೀಕರ್ ಅಲ್ವಾ?"

ಮೊಟ್ಟೆ ಟ್ರೇಗಳು ತಮ್ಮ ಕೆಲಸವನ್ನು ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಭಾವ ಅಂಗಡಿಯವನು ಫೋನಿಗೆ ಕಳಿಸಿದ್ದ ಚಿತ್ರ ತೋರಿಸಿದರು. ಒಂದು ಕಪ್ಪು ಪೆಟ್ಟಿಗೆ, ಮೂರು ಬಾಯಿ. ಹೆಡ್‌ಮಾಸ್ಟರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದಕ್ಕೋಸ್ಕರ ನಾನು ಟೈಲರ್ ಜೊತೆ ಮಾತು ಬಿಟ್ನಾ?" ಎಂದರು.

"ಇದಕ್ಕೋಸ್ಕರ ನಾನು ಅಂಗಿ ಹೊಲಿದ್ನಾ?" ಎಂದ ಟೈಲರ್.

ಔಷಧಿ ಅಂಗಡಿಯವರು, "ದಪ್ಪ ಅಂದಿದ್ದು ನನಗಲ್ಲ ಅಂತ ಈಗ ಹೇಳಬೇಡಿ" ಎಂದು ಹೊರಟುಹೋದರು. ಷಡ್ಡಕ, ಇನ್ನು ಈ ಮನೆಗೂ ನಮ್ಮ ಮನೆಗೂ ಮುಗಿಯಿತು ಎಂದ. ಒಂದು ಗಂಟೆಯೊಳಗೆ ಅವನ ಹೆಂಡತಿ ಫೋನ್ ಮಾಡಿ ತನ್ನ ಅಕ್ಕನಿಗೂ ಅದನ್ನೇ ಹೇಳಿದಳು.

ಭಾವನ ಹೆಂಡತಿ ಫೋನ್ ಕೆಳಗಿಟ್ಟು ಗಂಡನ ಮುಂದೆ ಬಂದು ಕೂತರು. ಕೂಗಾಡಲಿಲ್ಲ. "ನನಗಿದ್ದವಳು ಒಬ್ಬಳೇ ತಂಗಿ ಕಣ್ರೀ" ಅಂದರು. ಭಾವ ಏನೋ ಹೇಳಲು ಹೋದರು. "ನೀವು ಮಾತಾಡಬೇಡಿ. ನೀವು ಮಾತಾಡಿದ್ರೆ ಏನಾಗುತ್ತೋ ನನಗೆ ಭಯ" ಎಂದು ಆಕೆ ಎದ್ದು ಹೋದರು. ನೀರು ಹಿಡಿಯುವಲ್ಲಿ ಈಗ ಆಕೆಯ ಕೊಡ ಕೊನೆಯಲ್ಲಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಕಾಲ ಎಲ್ಲವನ್ನೂ ಮರೆಸುತ್ತಿತ್ತು. ಆದರೆ ಕಚೇರಿಗೆ ಹೋದ ಮನವಿಗೆ ಮರೆವಿಲ್ಲ. ಸ್ಪೀಕರಿನ ಕಥೆಯನ್ನು ಸಾಹೇಬರ ಕಿವಿಗೆ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ, ಅಷ್ಟರಲ್ಲಿ ಕಡತ ಹುಟ್ಟಿಯಾಗಿತ್ತು. ಒಂದು ಬೀದಿಯಿಂದ ಇಷ್ಟೊಂದು ಜನ ಸಹಿ ಹಾಕಿ ಬರೆದಿದ್ದಾರೆಂದರೆ ಅಲ್ಲಿ ಸಂಚಾರದ ಸಮಸ್ಯೆ ಇದ್ದೇ ಇರಬೇಕು, ಇಲ್ಲದ ಸಮಸ್ಯೆಗೆ ಯಾರಾದರೂ ಹೊಡೆದಾಡುತ್ತಾರೆಯೇ ಎಂದು ಅವರು ತರ್ಕಿಸಿದರು. ಟೂ ವೇ ಕೊಟ್ಟರೆ ಒಬ್ಬರಿಗೆ ಅನ್ಯಾಯ, ತ್ರೀ ವೇ ಕೊಟ್ಟರೆ ಇನ್ನೊಬ್ಬರಿಗೆ. ಇಬ್ಬರಿಗೂ ಅನ್ಯಾಯ ಆಗದಂತೆ ಅವರು ಬೀದಿಯನ್ನು ಒನ್ ವೇ ಮಾಡಿದರು. ಮಾಡಿದ ಮೇಲೆ ಖಾಲಿ ಬಿಡುವುದೇಕೆಂದು ದೊಡ್ಡ ರಸ್ತೆಯ ಬಸ್ಸುಗಳನ್ನು ಇತ್ತ ತಿರುಗಿಸಿದರು.

ಬಸ್ಸುಗಳು ಬಂದವು. ನಮ್ಮ ಬೀದಿ ಏರಾಗಿತ್ತು. ಪ್ರತಿಯೊಂದು ಬಸ್ಸೂ ಟೈಲರ್ ಅಂಗಡಿಯ ಹತ್ತಿರ ನರಳಿ, ಭಾವನ ಕಿಟಕಿಯ ಕೆಳಗೆ ಗೇರು ಬದಲಿಸಿ, ಹೆಡ್‌ಮಾಸ್ಟರ ಗೇಟಿನ ಮುಂದೆ ಹಾರನ್ ಹೊಡೆಯುತ್ತಿತ್ತು. ಕುಂಡಗಳು ಒಂದೊಂದಾಗಿ ಉರುಳಿದವು. ಟೈಲರನ ಗಿರಾಕಿಗಳು ರಸ್ತೆ ದಾಟಲಾಗದೆ ಆಚೆಯಿಂದಲೇ ಕೈ ಬೀಸಿ ಹೋದರು. ಭಾವನ ಕೋಣೆಯಲ್ಲಿ ಲೋಟದ ನೀರು ನಡುಗುತ್ತಿತ್ತು. ಹಾಡಲು ಬಂದವರೊಬ್ಬರು ಅರ್ಧ ಹಾಡಿ, "ನಾನು ಹಾಡಿದ್ದು ನಿಮಗೆ ಕೇಳಿಸ್ತಾ? ನನಗೆ ಕೇಳಿಸಲಿಲ್ಲ" ಎಂದು ಚಪ್ಪಲಿ ಮೆಟ್ಟಿದರು. ಮತ್ತೆ ಯಾರೂ ಬರಲಿಲ್ಲ.

ಕಷ್ಟ ಬಂದಾಗ ಜನ ಒಂದಾಗುತ್ತಾರೆ. ಹೆಡ್‌ಮಾಸ್ಟರೂ ಟೈಲರನೂ ಮಾತು ಶುರು ಮಾಡಿದರು. ಶುರುವಾದ ಮಾತು ಬಹುಪಾಲು ಭಾವನ ಕುರಿತಾಗಿತ್ತು. ಎಲ್ಲರೂ ಸೇರಿ ಸಾಹೇಬರ ಹತ್ತಿರ ಹೋಗಿ, ಹಿಂದೆ ಇದ್ದ ಹಾಗೆ ಟೂ ವೇ ಮಾಡಿಕೊಡಿ ಎಂದು ಬೇಡಿಕೊಳ್ಳುವುದೆಂದು ನಿರ್ಧಾರವಾಯಿತು. ಭಾವನೂ ಬರಲೇಬೇಕು, ಇಲ್ಲದಿದ್ದರೆ ಒಮ್ಮತ ಎನಿಸುವುದಿಲ್ಲ.

"ಆದ್ರೆ ನೀವು ತುಟಿ ಬಿಚ್ಚಬಾರದು" ಎಂದರು ಹೆಡ್‌ಮಾಸ್ಟರು. ಭಾವ ತಲೆಯಾಡಿಸಿದರು. "ಹೂಂ ಅಂತಾನೂ ಅನ್ನಬಾರದು." ಭಾವ ಹೂಂ ಅನ್ನಲಿಲ್ಲ.

ಈ ನಡುವೆ ಭಾವ ಒಂದು ತೀರ್ಮಾನಕ್ಕೆ ಬಂದಿದ್ದರು. ಎಲ್ಲ ಹಾಳಾಗಿತ್ತು, ಟೀಚರಿಗೆ ಕೊಟ್ಟ ಮಾತೊಂದು ಉಳಿದಿತ್ತು. ಅದನ್ನಾದರೂ ಸರಿಯಾಗಿ ಮಾಡೋಣವೆಂದು ಅಂಗಡಿಯವನಿಗೆ ತ್ರೀ ವೇ ಕಳಿಸಲು ಹೇಳಿದ್ದರು. ಜೀವನದಲ್ಲಿ ಅವರು ಸ್ವಂತವಾಗಿ ತೆಗೆದುಕೊಂಡ ಮೊದಲ ನಿರ್ಧಾರ ಅದು. ಎಂದಿನಂತೆ ಅದರ ಮುಹೂರ್ತ ಸರಿಯಿರಲಿಲ್ಲ.

ಸಾಹೇಬರು ಒಳ್ಳೆಯ ಮನುಷ್ಯರು. ಎಲ್ಲರನ್ನೂ ಒಳಗೆ ಕರೆದು ಸಮಾಧಾನದಿಂದ ಕೇಳಿಸಿಕೊಂಡರು. ಹೆಡ್‌ಮಾಸ್ಟರು ಕುಂಡಗಳ ಕಥೆ ಹೇಳಿ ಗದ್ಗದರಾದರು. ಟೈಲರ್ ಕೈಮುಗಿದ. ಬಾಗಿಲ ಹತ್ತಿರ ಷಡ್ಡಕ ಕಡತ ಹಿಡಿದು, ಭಾವನತ್ತ ನೋಡದೆ ನಿಂತಿದ್ದ.

"ಹೋದ ಸಲ ಒಬ್ಬೊಬ್ಬರು ಒಂದೊಂದು ಹೇಳಿದ್ರಿ" ಎಂದರು ಸಾಹೇಬರು. "ಈ ಸಲ ಎಲ್ಲರದ್ದೂ ಒಂದೇ ಮಾತು ತಾನೇ?"

"ಒಂದೇ ಸಾರ್! ಟೂ ವೇ!" ಎಂದಿತು ಬೀದಿ, ಒಕ್ಕೊರಲಿನಿಂದ.

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಷಡ್ಡಕ ಕಡತ ಬಿಡಿಸಿ ಮುಂದಿಟ್ಟ. ಆಗ ಭಾವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ತುಟಿ ಬಿಚ್ಚಬಾರದು ಎಂಬುದು ಭಾವನಿಗೆ ನೆನಪಿತ್ತು. ಅದಕ್ಕೇ ಅವರು ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ತಮ್ಮ ಕೈಲಾದಷ್ಟು ಮೆಲ್ಲಗೆ ಪಿಸುಗುಟ್ಟಿದರು. ಅಂಗಡಿಯವನು ಆ ಕಡೆಯಿಂದ ಏನು ಕೇಳಿದನೋ ನಮಗೆ ಗೊತ್ತಿಲ್ಲ. ಭಾವನ ಪಿಸುಮಾತು ಮಾತ್ರ ಕಚೇರಿಯ ವರಾಂಡದವರೆಗೂ ಕೇಳಿಸಿತು.

"ಎಷ್ಟು ಸಲ ಹೇಳೋದು ನಿಮಗೆ? ನನಗೆ ಟೂ ವೇ ಬೇಡವೇ ಬೇಡ! ತ್ರೀ ವೇನೇ ಬೇಕು! ಯಾರೇನಾದ್ರೂ ಅಂದುಕೊಳ್ಳಲಿ, ನಾನು ತೀರ್ಮಾನ ಮಾಡಿಯಾಗಿದೆ!"

ಸಾಹೇಬರು ನಿಧಾನವಾಗಿ ಪೆನ್ನಿಗೆ ಕ್ಯಾಪು ಹಾಕಿದರು.

"ನಿಮ್ಮನಿಮ್ಮಲ್ಲೇ ಇನ್ನೂ ಒಮ್ಮತ ಇಲ್ಲ. ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ" ಎಂದು ಕಡತ ಮುಚ್ಚಿದರು.

"ಸಾರ್, ಅದು ರಸ್ತೆ ಅಲ್ಲ ಸಾರ್, ಸ್ಪೀಕರು!" ಎಂದು ಹೆಡ್‌ಮಾಸ್ಟರು ಅಂಗಲಾಚಿದರು. ಹೆಡ್‌ಮಾಸ್ಟರಂಥ ಹಿರಿಯರು ಗಾಬರಿಯಲ್ಲಿ ಹೀಗೆ ಏನೇನೋ ಮಾತಾಡುವುದನ್ನು ಕಂಡು ಸಾಹೇಬರಿಗೆ ಮರುಕ ಹುಟ್ಟಿತು. ಷಡ್ಡಕನನ್ನು ಕರೆದು, ಅವರಿಗೆ ಕುಡಿಯಲು ನೀರು ಕೊಡಲು ಹೇಳಿದರು. ಷಡ್ಡಕ ನೀರು ತಂದ. ಭಾವನ ಪಕ್ಕದಲ್ಲಿ ಹಾದುಹೋಗುವಾಗ, "ನಿಮ್ಮ ಬಾಯಿಗೆ ಇಷ್ಟು..." ಎಂದು ಶುರು ಮಾಡಿ, ಮುಗಿಸದೆ ಹೋದ.

ಕಚೇರಿಯಿಂದ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದೆವು. ಭಾವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಬೈಯುವುದಕ್ಕೂ ಯಾರಲ್ಲೂ ತ್ರಾಣವಿರಲಿಲ್ಲ. ಬಸ್ಸು ಈಗ ನಮ್ಮ ಮನೆ ಬಾಗಿಲಿಗೇ ಬರುತ್ತಿತ್ತು. ಆ ಒಂದು ಅನುಕೂಲ ಮಾತ್ರ ಆಗಿತ್ತು.

ಎರಡು ದಿನ ಕಳೆದು ಪೆಟ್ಟಿಗೆಗಳು ಬಂದವು. ಭಾವ ಒಬ್ಬರೇ ಮಹಡಿಗೆ ಹೊತ್ತರು. ಅಂಗಡಿಯವನು ಹೇಳಿದಂತೆ ಗೋಡೆಯಿಂದ ಮೂರಡಿ ಮುಂದಿಟ್ಟರು. ಆಗ ಕೋಣೆಯಲ್ಲಿ ಒಂದು ಕುರ್ಚಿಗೆ ಮಾತ್ರ ಜಾಗ ಉಳಿಯಿತು. ಹಗಲೆಲ್ಲ ಬಸ್ಸುಗಳ ನಡುವಿನ ಬಿಡುವಿನಲ್ಲಿ ಒಂದೊಂದು ಸಾಲು ಕೇಳುತ್ತ ಹಾಡನ್ನು ಮತ್ತೆ ಹದ ಮಾಡಿದರು. ಹೆಂಡತಿ ಕಾಫಿ ತಂದು ಬಾಗಿಲಲ್ಲಿಟ್ಟು ಹಾಗೇ ಹಿಂತಿರುಗುತ್ತಿದ್ದರು. ಮುಗಿದ ದಿನ ಟೀಚರನ್ನು ಕರೆತಂದು ಆ ಒಂದೇ ಕುರ್ಚಿಯಲ್ಲಿ ಕೂರಿಸಿ, ತಾವು ಬಾಗಿಲಿನ ಹಾಸಿಗೆಗೆ ಒರಗಿ ನಿಂತರು.

ಹಾಡು ಹಾಕಿದರು. ಕೆಳಗೆ ಬಸ್ಸೊಂದು ಏರು ಹತ್ತತೊಡಗಿತು. ಅದರ ಹಿಂದೆ ಇನ್ನೊಂದು. ಟೀಚರು ಎರಡೂ ಪೆಟ್ಟಿಗೆಗಳನ್ನು ನೋಡಿದರು, ಭಾವನ ಮುಖ ನೋಡಿದರು.

"ಶುರು ಆಯ್ತಾ?" ಎಂದು ಕೂಗಿ ಕೇಳಿದರು.

"ಆಗಿದೆ ಟೀಚರ್!"

ಟೀಚರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಅಂದಾಜಿನ ಮೇಲೆ ತಾಳ ಹಾಕತೊಡಗಿದರು. ತಾಳ ಹಾಡಿಗೆ ಕೂಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಭಾವನಿಗೂ ದಾರಿಯಿರಲಿಲ್ಲ. ಗೇರು ಬದಲಾಯಿತು, ಕಿಟಕಿಯ ಗಾಜು ಅದುರಿತು, ಹಾರನ್ ಹೊಡೆಯಿತು. ಆಮೇಲೆ ಆ ಎರಡು ಬಸ್ಸುಗಳು ತಿರುವಿನಾಚೆ ಹೋಗಿ, ಮುಂದಿನದು ಇನ್ನೂ ಬರದ ಒಂದಿಷ್ಟು ಹೊತ್ತು ಬೀದಿ ಹಿಂದಿನಂತಾಯಿತು. ಆ ಹೊತ್ತಿನಲ್ಲಿ ಹಾಡಿನ ಒಂದೇ ಒಂದು ಸಾಲು ಕೋಣೆಯ ನಡುವೆ ಬಂದು ನಿಂತಿತು. ಡೋಲು ಕೆಳಗೆ ತನ್ನ ಪಾಡಿಗಿತ್ತು. ಅದರ ಮೇಲೆ ವಯಸ್ಸಾದ ಒಂದು ದನಿ, ಉಸಿರು ತೆಗೆದುಕೊಂಡದ್ದೂ ಕೇಳುವಷ್ಟು ಹತ್ತಿರದಲ್ಲಿ, ಒಂಚೂರೂ ತಪ್ಪದೆ ಮೇಲೇರಿ ಇಳಿಯಿತು.

ಟೀಚರ ಕೈ ಮೊಣಕಾಲ ಮೇಲೆ ನಿಂತಿತು. ಕಣ್ಣು ತೆರೆದು ಭಾವನ ಕಡೆ ತಿರುಗಿದರು.

"ಅದು ನಾನಾ?"

"ನೀವೇ ಟೀಚರ್" ಎಂದರು ಭಾವ. ಅವರು ಜೀವನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ್ದು ಆಗ.

ಅಷ್ಟರಲ್ಲಿ ಮುಂದಿನ ಬಸ್ಸು ಏರು ಹತ್ತಿತು.

"ಏನಂದೆ?" ಎಂದರು ಟೀಚರು, ಕಿವಿಗೆ ಕೈ ಹಿಡಿದು.